ಅಪ್ಪನ ಎಚ್‌ಎಂಟಿ ಜನತಾ ವಾಚಿಗೆ ಯಾವ ಬೆಲ್ಟ್? ಮಳೆಗಾಲದಲ್ಲಿ ಚರ್ಮದ್ದು ಉಳಿಯುತ್ತಿಲ್ಲ

ಸಾಗರದ_ಹುಡುಗ
ಎಲ್ಲರಿಗೂ ನಮಸ್ಕಾರ. ಅಪ್ಪ ಕಟ್ಟುತ್ತಿದ್ದ ಎಚ್‌ಎಂಟಿ ಜನತಾ ಈಗ ನನ್ನ ಹತ್ತಿರ ಇದೆ. ಕೀ ಕೊಟ್ಟರೆ ಚೆನ್ನಾಗಿಯೇ ನಡೆಯುತ್ತದೆ. ತಲೆನೋವು ಬೆಲ್ಟಿನದ್ದು. ನಮ್ಮೂರಿನ ಮಳೆ ಗೊತ್ತಲ್ಲ, ಜೂನ್ ಬಂತೆಂದರೆ ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ, ವಾಸನೆ ಬೇರೆ. ಚೈನ್ ಹಾಕಿಸೋಣ ಅಂದರೆ ಅಂಗಡಿಯವರು ತೋರಿಸಿದ್ದೆಲ್ಲ ಆ ಪುಟ್ಟ ವಾಚಿಗೆ ದಪ್ಪವಾಗಿ ಕಾಣುತ್ತದೆ. ದಿನಾ ಕಟ್ಟಬೇಕು, ಬೈಕ್ ಓಡಿಸುತ್ತೇನೆ, ತೋಟದ ಕೆಲಸವೂ ಇದೆ. 1500 ರೂಪಾಯಿ ತನಕ ಖರ್ಚು ಮಾಡಬಹುದು. ಏನು ಹಾಕಲಿ?

ಕೀಲಿ_ಗಡಿಯಾರ
ಮೊದಲು ಅಳತೆ ಹೇಳಿ. ವಾಚಿನಲ್ಲಿ ಬೆಲ್ಟ್ ಕೂರುವ ಎರಡು ಕೊಂಬುಗಳ ಒಳಗಿನ ಅಂತರ ಎಷ್ಟು ಮಿ.ಮೀ.? ಜನತಾ ಸಾಮಾನ್ಯವಾಗಿ 18. ಆದರೂ ಅಳೆಯದೆ ತರಿಸಬೇಡಿ. ಈಗಿನ ಬೆಲ್ಟನ್ನು ಅಳೆದರೆ ಆಗಲ್ಲ, ಹಿಂದೆ ಯಾರೋ 16ರದ್ದು ತುರುಕಿರಬಹುದು. ಬೆಲ್ಟ್ ತೆಗೆದು, ಕೊಂಬಿನ ಬುಡದಲ್ಲಿ ಅಳೆಯಿರಿ. ವರ್ನಿಯರ್ ಇಲ್ಲದಿದ್ದರೆ ಶಾಲೆಯ ಸ್ಕೇಲ್ ಸಾಕು.

ಜಾಲಹಳ್ಳಿ_ನಿವೃತ್ತ
ಸಾಗರದವರೇ, ಬೆಲ್ಟಿನ ಬಗ್ಗೆ ಬೇರೆಯವರು ಹೇಳುತ್ತಾರೆ. ನಾನು ಪಿನ್ನಿನ ಬಗ್ಗೆ ಹೇಳುತ್ತೇನೆ. ಹಳೇ ವಾಚ್ ಕಳೆದುಹೋಗುವುದು, ಬಿದ್ದು ಗಾಜು ಒಡೆಯುವುದು ಬೆಲ್ಟ್ ಹರಿದು ಅಲ್ಲ. ಬೆಲ್ಟನ್ನು ವಾಚಿಗೆ ಹಿಡಿದಿರುವ ಸ್ಪ್ರಿಂಗ್ ಪಿನ್ ಸೋತು. ಬೆಲ್ಟ್ ಹರಿಯುವುದಾದರೆ ಮೊದಲೇ ಬಿರುಕು ಕಾಣುತ್ತದೆ, ಎಚ್ಚರ ಆಗಬಹುದು. ಪಿನ್ ಒಳಗೇ ತುಕ್ಕು ಹಿಡಿದು ಕೂತಿರುತ್ತದೆ, ಹೊರಗೆ ಏನೂ ಗೊತ್ತಾಗಲ್ಲ.

1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಲ್ಲಿ ಶುರುವಾದ ವಾಚುಗಳು ಇವು. 2016ರಲ್ಲಿ ಎಚ್‌ಎಂಟಿಯ ವಾಚ್ ಕಂಪನಿಯನ್ನೇ ಮುಚ್ಚುವ ತೀರ್ಮಾನ ಆಯಿತು. ಅಂದರೆ ನಿಮ್ಮ ಕೈಯಲ್ಲಿರುವ ಜನತಾಗೆ ಹತ್ತಾರು ವರ್ಷ ಆಗಿದೆ. ಅದರ ಪಿನ್ ಯಾವ ಕಾಲದ್ದೋ ಯಾರಿಗೆ ಗೊತ್ತು? ಪಿನ್ ಎರಡನ್ನೂ ಕಿತ್ತು ಹೊಸದು ಹಾಕಿ. ಜೋಡಿಗೆ 20-30 ರೂಪಾಯಿ. 1500ರ ಬೆಲ್ಟಿಗೆ ಹಳೇ ಪಿನ್ ಹಾಕುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಇನ್ನೊಂದು ವಿಷಯ. ಆ ಕಾಲದ ಬಹಳಷ್ಟು ಎಚ್‌ಎಂಟಿ ಕೇಸುಗಳು ಹಿತ್ತಾಳೆ, ಮೇಲೆ ಕ್ರೋಮ್ ಲೇಪ. ಹಿಂದಿನ ಮುಚ್ಚಳ ಮಾತ್ರ ಸ್ಟೇನ್‌ಲೆಸ್ ಸ್ಟೀಲ್. ಲೇಪ ಸವೆದ ಕಡೆ ಬೆವರು ತಾಗಿ ಹಸಿರು ಕಿಲುಬು ಕಟ್ಟುತ್ತದೆ. ಮುಖ್ಯವಾಗಿ ಕೊಂಬಿನ ಒಳಗೆ, ಬೆಲ್ಟ್ ಮುಚ್ಚಿಕೊಂಡ ಜಾಗದಲ್ಲಿ. ಬೆಲ್ಟ್ ತೆಗೆದಾಗ ಹಲ್ಲುಕಡ್ಡಿಯಿಂದ ಅದನ್ನು ಕೆರೆದು ತೆಗೆಯಿರಿ. ಸೂಜಿ, ಬ್ಲೇಡ್ ಬೇಡ. ಪಿನ್ ಕೂರುವ ರಂಧ್ರ ದುಂಡಗೆ ಇದೆಯೋ, ಸವೆದು ಮೊಟ್ಟೆಯಾಕಾರ ಆಗಿದೆಯೋ ಭೂತಗನ್ನಡಿಯಲ್ಲಿ ನೋಡಿ. ಸವೆದಿದ್ದರೆ ಭಾರದ ಚೈನ್ ಯೋಚನೆಯನ್ನೇ ಬಿಡಿ.

ಸಾಗರದ_ಹುಡುಗ
ಅಳೆದೆ, ಸರಿಯಾಗಿ 18. ರಂಧ್ರ ಮೂರು ದುಂಡಗಿವೆ, ಒಂದು ಸ್ವಲ್ಪ ಸವೆದ ಹಾಗಿದೆ. ನೀವು ಹೇಳಿದ ಹಸಿರು ಕೊಳೆ ಚೆನ್ನಾಗೇ ಇತ್ತು ಸಾರ್! ಒಂದು ಪಿನ್ ತೆಗೆಯುವಾಗಲೇ ಮುರಿದು ಬಂತು.

ಜಾಲಹಳ್ಳಿ_ನಿವೃತ್ತ
ಮುರಿದಿದ್ದು ಒಳ್ಳೆಯದೇ ಆಯಿತು, ಕೈಯಲ್ಲಿದ್ದಾಗ ಮುರಿಯಲಿಲ್ಲವಲ್ಲ. ಸವೆದ ಕಡೆಗೆ ತುದಿ ಸ್ವಲ್ಪ ದಪ್ಪ ಇರುವ ಪಿನ್ ಕೇಳಿ. ಹಾಕಿದ ಮೇಲೆ ಬೆಲ್ಟ್ ಹಿಡಿದು ಜೋರಾಗಿ ಎಳೆಯಿರಿ. ಹಾಸಿಗೆ ಮೇಲೆ ಕೂತು ಎಳೆಯಿರಿ ಮತ್ತೆ, ನೆಲದ ಮೇಲೆ ಅಲ್ಲ. ಎಳೆದಾಗ ಬಂದರೆ ಅಲ್ಲೇ ಬರಲಿ.

ಕುಂದಾಪ್ರ_ಕಡಲು
ನಮ್ಮ ಕಡೆ ಉಪ್ಪುಗಾಳಿ ಮಾರಾಯ್ರೆ, ಚರ್ಮದ ಬೆಲ್ಟ್ ಅಂದರೆ ಮದುವೆ ಮನೆಗೆ ಮಾತ್ರ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಪರ್ಲಾನ್. ನೈಲಾನ್ ನೂಲಿನಲ್ಲಿ ಹೆಣೆದ ತೆಳು ಬೆಲ್ಟ್. ತೂತುಗಳೇ ಇಲ್ಲ, ಬಕಲ್ ಮುಳ್ಳನ್ನು ಹೆಣಿಗೆಯ ನಡುವೆ ಎಲ್ಲಿ ಬೇಕಾದರೂ ಚುಚ್ಚಬಹುದು. ಬೆಳಿಗ್ಗೆ ಒಂದು ಅಳತೆ, ಸೆಖೆಗೆ ಕೈ ಊದಿದಾಗ ಇನ್ನೊಂದು. ಒದ್ದೆಯಾದರೆ ಫ್ಯಾನ್ ಕೆಳಗೆ ಇಟ್ಟರೆ ಬೇಗ ಒಣಗುತ್ತದೆ. ಸೋಪು ಹಾಕಿ ತೊಳೆಯಲೂಬಹುದು. ತೆಳುವಾಗಿರುವುದರಿಂದ ಜನತಾದಂಥ ಸಣ್ಣ ವಾಚಿಗೆ ಒಪ್ಪುತ್ತದೆ. ಬೂದಿ ಬಣ್ಣ ಅಥವಾ ಕಪ್ಪು ತಗೊಳ್ಳಿ. ಬಿಳಿ ಬೇಡ, ತೋಟದ ಕೆಲಸಕ್ಕೆ ಅದು ತಡೆಯಲ್ಲ.

ಗುರು_ಬೈಕರ್
ಪರ್ಲಾನ್ ಚೆನ್ನಾಗಿದೆ, ಆದರೆ ಪಿನ್ ಮೇಲೆ ನಂಬಿಕೆ ಇಲ್ಲದಿದ್ದರೆ ನೇಟೋ ಬೆಲ್ಟ್ ಹಾಕಿ. ಒಂದೇ ಉದ್ದನೆಯ ನೈಲಾನ್ ಪಟ್ಟಿ, ಎರಡೂ ಪಿನ್ನಿನ ಒಳಗಿಂದ ತೂರಿ ವಾಚಿನ ಬೆನ್ನಿನ ಅಡಿ ಹಾದು ಹೋಗುತ್ತದೆ. ಒಂದು ಪಿನ್ ಹೋದರೂ ಇನ್ನೊಂದರಲ್ಲಿ ವಾಚ್ ನೇತಾಡುತ್ತದೆ, ಬೀಳಲ್ಲ. ಬ್ರಿಟನ್ನಿನ ರಕ್ಷಣಾ ಇಲಾಖೆ 1973ರಲ್ಲಿ ತನ್ನ ಸೈನಿಕರಿಗೆ ಅಂತ ನಿಗದಿ ಮಾಡಿದ ಬೆಲ್ಟ್ ಅದು. ಬೈಕ್ ಓಡಿಸುವವರಿಗೆ ಇದಕ್ಕಿಂತ ಸುರಕ್ಷಿತ ಇಲ್ಲ.

ಕೀಲಿ_ಗಡಿಯಾರ
@ಗುರು_ಬೈಕರ್ ನಿಜ, ಆದರೆ ಬೆನ್ನಿನ ಅಡಿ ಎರಡು ಪದರ ಬಟ್ಟೆ ಬಂದು ವಾಚ್ ಎತ್ತರಕ್ಕೆ ಏರಿ ಕೂರುತ್ತದೆ. ಜನತಾ ಅದರ ಮೇಲೆ ಗುಡ್ಡದ ಮೇಲಿನ ಗುಡಿ ಥರ ಕಾಣುತ್ತದೆ. ಒಂದೇ ಪದರದ ನೇಟೋ ಸಿಗುತ್ತದೆ. ಕೆಳಗಿನ ತುಂಡು ಪಟ್ಟಿ ಇರಲ್ಲ, ರಕ್ಷಣೆ ಅಷ್ಟೇ ಇರುತ್ತದೆ. ಅದು ಓಕೆ.

ಚರ್ಮಪ್ರಿಯ
ಎಲ್ಲರೂ ಚರ್ಮವನ್ನು ಬೈಯುತ್ತಿದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಮನೆಯಲ್ಲೇ ಬೆಲ್ಟ್ ಹೊಲಿಯುವವನು. ಮಾರುಕಟ್ಟೆಯಲ್ಲಿ 'ಜೆನ್ಯೂಯಿನ್ ಲೆದರ್' ಅಂತ ಅಚ್ಚು ಹಾಕಿದ್ದರಲ್ಲಿ ಬಹುಪಾಲು, ಚರ್ಮದ ಮೇಲಿನ ಒಳ್ಳೆಯ ಪದರ ಸೀಳಿ ತೆಗೆದ ಮೇಲೆ ಉಳಿದ ಕೆಳಗಿನ ಪದರ. ಅದಕ್ಕೆ ಬಣ್ಣದ ಪ್ಲಾಸ್ಟಿಕ್ ಲೇಪ ಬಳಿದು, ಒಳಗೆ ಸ್ಪಂಜೋ ರಟ್ಟೋ ಇಟ್ಟು ಅಂಟಿಸಿರುತ್ತಾರೆ. ಬೆವರು ಅಂಚಿನಿಂದ ಒಳಗೆ ಇಳಿದರೆ ಹೊರಗೆ ಬರಲು ದಾರಿ ಇಲ್ಲ. ಬೂಷ್ಟು, ವಾಸನೆ ಶುರುವಾಗುವುದು ಅಲ್ಲಿಂದ.

ಒಂದೇ ಪದರದ, ಸ್ಪಂಜ್ ಇಲ್ಲದ, 2 ಮಿ.ಮೀ. ದಪ್ಪದ ಗಟ್ಟಿ ಚರ್ಮದ ಬೆಲ್ಟ್ ಬೇರೆಯೇ ಕಥೆ. ನಮ್ಮ ಪಕ್ಕದಲ್ಲೇ ಆಂಬೂರು, ರಾಣಿಪೇಟೆ ಇವೆ, ಒಳ್ಳೆ ಚರ್ಮಕ್ಕೆ ಬರ ಇಲ್ಲ. ತಗೊಳ್ಳುವಾಗ ಅಂಚು ನೋಡಿ. ಬಣ್ಣದ ದಪ್ಪ ಲೇಪದಲ್ಲಿ ಅಂಚು ಪೂರ್ತಿ ಮುಚ್ಚಿದ್ದರೆ ಒಳಗೇನಿದೆ ಅಂತ ಅನುಮಾನ ಪಡಿ. ಬಗ್ಗಿಸಿ ನೋಡಿ. ಒಳ್ಳೆಯ ಚರ್ಮದಲ್ಲಿ ಸಣ್ಣ ಸುಕ್ಕು ಬಂದು ಹೋಗುತ್ತದೆ, ಲೇಪದ್ದರಲ್ಲಿ ಗೆರೆ ಹಾಗೇ ಉಳಿಯುತ್ತದೆ.

ಹೊಲಿಗೆಯನ್ನೂ ನೋಡಿ. ಮಿಷನ್ ಹೊಲಿಗೆಯಲ್ಲಿ ಒಂದು ಕಡೆ ದಾರ ಹರಿದರೆ ಬಿಚ್ಚುತ್ತಾ ಹೋಗುತ್ತದೆ. ಎರಡು ಸೂಜಿ ಹಿಡಿದು ಕೈಯಲ್ಲಿ ಹಾಕಿದ ಹೊಲಿಗೆ ಹಾಗಲ್ಲ, ಒಂದು ಎಳೆ ಹೋದರೂ ಇನ್ನೊಂದು ಹಿಡಿದಿರುತ್ತದೆ.

ಕುಂದಾಪ್ರ_ಕಡಲು
ಚರ್ಮಪ್ರಿಯರೇ, ಹೇಳಿದ್ದೆಲ್ಲ ಸರಿ. ಆದರೆ ಆ ಗಟ್ಟಿ ಚರ್ಮವನ್ನೂ ಸಾಗರದ ಜುಲೈ ಬಿಡಲ್ಲ!

ಚರ್ಮಪ್ರಿಯ
ಬಿಡಲ್ಲ, ಒಪ್ಪಿದೆ. ಮಳೆಗಾಲಕ್ಕೆ ಪರ್ಲಾನ್, ಉಳಿದ ದಿನಕ್ಕೆ ಚರ್ಮ ಅಂತ ಇಟ್ಟುಕೊಳ್ಳಲಿ. ಚರ್ಮದ ಬೆಲ್ಟನ್ನು ದಿನಾ ಕಟ್ಟದೆ ನಡುವೆ ಒಂದು ದಿನ ಗಾಳಿಗೆ ಬಿಟ್ಟರೆ ಅದರ ಆಯಸ್ಸು ಜಾಸ್ತಿ. ಮಳೆಗಾಲದಲ್ಲಿ ಎತ್ತಿಡುವಾಗ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುತ್ತಲ್ಲ ಸಿಲಿಕಾ ಜೆಲ್ ಪೊಟ್ಟಣ, ಅದರ ಜೊತೆ ಒಂದು ಡಬ್ಬಿಗೆ ಹಾಕಿಡಿ. ಒದ್ದೆಯಾದರೆ ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಇಟ್ಟರೆ, ಹೇರ್ ಡ್ರೈಯರ್ ಹಿಡಿದರೆ ಸೆಟೆದು ಬಿರುಕು ಬಿಡುತ್ತದೆ.

ಬೆಳಗಾವಿ_ಅಕ್ಕ
ನಡುವೆ ಬಂದೆ, ಬೇಜಾರಿಲ್ಲ ಅಲ್ವಾ? ಹೊಸ ಚರ್ಚೆ ಶುರು ಮಾಡೋದು ಬೇಡ ಅಂತ ಇಲ್ಲೇ ಕೇಳ್ತೀನಿ. ಅಮ್ಮನ ಚೈನ್ ವಾಚ್ ಕೈಯಲ್ಲಿ ಬಳೆ ಥರ ತಿರುಗುತ್ತದೆ. ಕೊಂಡಿ ತೆಗೆಸಬೇಕು. ಒಂದು ಅಂಗಡಿಯಲ್ಲಿ ಒಂದೇ ಕಡೆಯಿಂದ ಕೊಂಡಿ ತೆಗೆದುಕೊಟ್ಟರು, ಈಗ ಲಾಕ್ ಮಣಿಕಟ್ಟಿನ ಪಕ್ಕಕ್ಕೆ ಬಂದು ಕೂತಿದೆ. ತೆಗೆದ ಕೊಂಡಿಗಳನ್ನೂ ವಾಪಸ್ ಕೊಡಲಿಲ್ಲ. ಮನೆಯಲ್ಲೇ ಮಾಡಬಹುದಾ?

ಕೀಲಿ_ಗಡಿಯಾರ
ಮಾಡಬಹುದು ಅಕ್ಕ. ಮೊದಲು ಆ ಅಂಗಡಿಗೆ ಹೋಗಿ ಕೊಂಡಿ ವಾಪಸ್ ಕೇಳಿ. ಅದು ನಿಮ್ಮ ವಾಚಿನ ಭಾಗ. ಅಮ್ಮನ ಕೈ ದಪ್ಪ ಆದರೆ, ನಾಳೆ ಮಗಳಿಗೆ ಕೊಟ್ಟರೆ ಬೇಕಾಗುತ್ತದೆ. ಹಳೇ ಮಾಡೆಲ್‌ಗಳ ಕೊಂಡಿ ಬಿಡಿಯಾಗಿ ಸಿಗುವುದು ಕಷ್ಟ.

ಈಗ ಚೈನನ್ನು ತಿರುಗಿಸಿ ಒಳಮುಖ ನೋಡಿ. ಕೆಲವು ಕೊಂಡಿಗಳ ಮೇಲೆ ಪುಟ್ಟ ಬಾಣದ ಗುರುತು ಇರುತ್ತದೆ. ತೆಗೆಯಬಹುದಾದ ಕೊಂಡಿಗಳು ಅವು. ಬಾಣ ತೋರಿಸುವ ದಿಕ್ಕಿಗೆ ಪಿನ್ ತಳ್ಳಬೇಕು. ವಾಪಸ್ ಹಾಕುವಾಗ ಬಾಣಕ್ಕೆ ಎದುರಾಗಿ, ಸೀಳು ಇಲ್ಲದ ತುದಿ ಮೊದಲು ಒಳಗೆ ಹೋಗಬೇಕು. ಸೀಳಿದ ತುದಿ ಕೊನೆಗೆ ಬಿಗಿಯಾಗಿ ಕೂತು ಹಿಡಿದುಕೊಳ್ಳುತ್ತದೆ. ಸುಮ್ನೆ ಎರಡೂ ಕಡೆಯಿಂದ ಬಡಿದರೆ ಪಿನ್ ಸೊಟ್ಟಗಾಗುತ್ತದೆ.

ಎರಡೂ ಕಡೆಯಿಂದ ಸಮ ಸಮ ತೆಗೆದರೆ ಲಾಕ್ ಮಣಿಕಟ್ಟಿನ ಅಡಿ ನಡುವೆ ಬರುತ್ತದೆ. ಬೆಸ ಸಂಖ್ಯೆ ಬಂದರೆ ಆ ಒಂದನ್ನು 6 ಗಂಟೆಯ ಕಡೆಯಿಂದ ತೆಗೆಯಿರಿ. ಅರ್ಧ ಕೊಂಡಿಯಷ್ಟು ಹೆಚ್ಚುಕಮ್ಮಿ ಉಳಿದರೆ ಲಾಕಿನ ಪಕ್ಕದಲ್ಲಿ ಸಾಲಾಗಿ ಸಣ್ಣ ತೂತುಗಳಿವೆಯಾ ನೋಡಿ. ಅಲ್ಲಿನ ಸ್ಪ್ರಿಂಗ್ ಪಿನ್ ಒಂದು ತೂತು ಆಚೀಚೆ ಮಾಡಿದರೆ ಆಯಿತು. ಬಹಳ ಜನ ಇದನ್ನು ನೋಡದೆ ಕೊಂಡಿ ತೆಗೆಸುತ್ತಾರೆ. ಕಟ್ಟಿದ ಮೇಲೆ ಲಾಕಿನ ಅಡಿ ಕಿರುಬೆರಳ ತುದಿ ತೂರಬೇಕು. ಬೆಳಿಗ್ಗೆ ತಂಪಿನಲ್ಲಿ ಅಳತೆ ಮಾಡಬೇಡಿ, ಮಧ್ಯಾಹ್ನ ಬಿಗಿಯಾಗುತ್ತದೆ.

ಗುರು_ಬೈಕರ್
ಆನ್‌ಲೈನಲ್ಲಿ ಸಿಗುವ, ಪಿನ್ ತಳ್ಳುವ ನೀಲಿ ಪ್ಲಾಸ್ಟಿಕ್ ಸ್ಕ್ರೂ ಪ್ರೆಸ್ ಮಾತ್ರ ತಗೋಬೇಡಿ ಅಕ್ಕ. ಅದರ ಸೂಜಿ ಎರಡನೇ ಪಿನ್ನಿಗೇ ಬಗ್ಗುತ್ತದೆ. ಸಣ್ಣ ಸುತ್ತಿಗೆ, ಪಿನ್ ಹೊಡೆಯಲು 0.8 ಮಿ.ಮೀ. ಪಂಚ್, ಚೈನ್ ನಿಲ್ಲಿಸಲು ಸೀಳಿರುವ ನೈಲಾನ್ ಕಟ್ಟೆ. ಮೂರೇ ಸಾಕು.

ಮಸ್ಕತ್_ಮೈಸೂರಿಗ
ಒಂದು ಎಚ್ಚರಿಕೆ ಸೇರಿಸುತ್ತೇನೆ. ಸೀಕೋ ಚೈನುಗಳಲ್ಲಿ ಎಷ್ಟೋ ಮಾಡೆಲ್‌ಗಳಿಗೆ ಪಿನ್ನಿನ ಜೊತೆ ಒಂದು ಪುಟ್ಟ ಕೊಳವೆ ಇರುತ್ತದೆ, ಸಾಸಿವೆಯಷ್ಟು. ಪಿನ್ನನ್ನು ಬಿಗಿಯಾಗಿ ಹಿಡಿಯುವುದು ಅದೇ. ಪಿನ್ ಹೊಡೆದಾಗ ಅದು ಸದ್ದಿಲ್ಲದೆ ಜಾರಿ ಬೀಳುತ್ತದೆ. ಅದಿಲ್ಲದೆ ಪಿನ್ ಹಾಕಿದರೆ ಸಲೀಸಾಗಿ ಕೂರುತ್ತದೆ, ಅಷ್ಟೇ ಸಲೀಸಾಗಿ ರಸ್ತೆಯಲ್ಲಿ ಬಿದ್ದುಹೋಗುತ್ತದೆ. ಹಾಗಾಗಿ ಬಿಳಿ ಟವೆಲ್ ಹಾಸಿಕೊಂಡು, ಅಂಚಿರುವ ತಟ್ಟೆಯಲ್ಲಿ ಕೆಲಸ ಮಾಡಿ. ಪಿನ್ ಕೈಬೆರಳಿನಿಂದಲೇ ಒಳಗೆ ಹೋಯಿತು ಅಂದರೆ ಏನೋ ತಪ್ಪಿದೆ ಅಂತ ಅರ್ಥ.

ಸ್ಕ್ರೂ ಇರುವ ಚೈನಿಗೆ ಸ್ಕ್ರೂ ತಲೆಯ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರೇ ಬೇಕು. ಬಿಗಿಯಾಗಿದ್ದರೆ ಒತ್ತಡ ಹಾಕಬೇಡಿ. ಕಂಪನಿಯವರು ಅಂಟು ಹಾಕಿರುತ್ತಾರೆ. ಚೈನ್ ಮಾತ್ರ ವಾಚಿನಿಂದ ಬಿಚ್ಚಿ ಬಿಸಿನೀರಲ್ಲಿ ಅದ್ದಿ, ಅಂಟು ಮೆತ್ತಗಾಗುತ್ತದೆ. ವಾಪಸ್ ಹಾಕುವಾಗ ಲಾಕ್‌ಟೈಟ್ 222 ಅನ್ನುವ ಸ್ಕ್ರೂ ಅಂಟು ಒಂದು ಚುಕ್ಕೆ. ನೇರಳೆ ಬಣ್ಣದ್ದು, ಸಣ್ಣ ಸ್ಕ್ರೂಗಳಿಗೇ ಇರುವುದು. ಕೆಂಪು ಬಣ್ಣದ್ದು ಹಾಕಿದರೆ ಮತ್ತೆ ಬಿಚ್ಚುವ ಆಸೆ ಬಿಡಿ.

ಬೆಳಗಾವಿ_ಅಕ್ಕ
ಬಾಣದ ಗುರುತು ಇದೆ! ಕೊಂಡಿ ಕೇಳಲು ನಾಳೆ ಅಂಗಡಿಗೆ ಹೋಗ್ತೀನಿ. ಇನ್ನೊಂದು, ಅಮ್ಮನಿಗೆ ಈ ಚೈನ್ ಕಟ್ಟಿದರೆ ಲಾಕ್ ಇರುವ ಕಡೆ ತುರಿಕೆ, ಕೆಂಪು. ಚಿನ್ನದ ಬಣ್ಣದ ಲೇಪ ಅಲ್ಲಲ್ಲಿ ಹೋಗಿದೆ.

ಡಾ_ಚರ್ಮ_ಅಲ್ಲ
ನಿಕಲ್ ಇರಬಹುದು. ಚಿನ್ನದ ಬಣ್ಣದ ಲೇಪದ ಅಡಿ ಬಹಳ ಸಲ ನಿಕಲ್ ಪದರ ಇರುತ್ತದೆ. ಮೇಲಿನದ್ದು ಸವೆದ ಮೇಲೆ ಬೆವರಿನ ಜೊತೆ ಚರ್ಮಕ್ಕೆ ತಾಗುತ್ತದೆ. ಕೆಲವರಿಗೆ ಅಲರ್ಜಿ, ಒಮ್ಮೆ ಬಂದರೆ ಜೀವಮಾನ ಇರುತ್ತದೆ. ಯುರೋಪಿನಲ್ಲಿ ಚರ್ಮಕ್ಕೆ ತಾಗುವ ವಸ್ತುಗಳಿಂದ ವಾರಕ್ಕೆ ಚದರ ಸೆಂ.ಮೀ.ಗೆ 0.5 ಮೈಕ್ರೋಗ್ರಾಂಗಿಂತ ಹೆಚ್ಚು ನಿಕಲ್ ಬಿಡಬಾರದು ಅಂತ ಕಾನೂನೇ ಇದೆ.

316ಎಲ್ ಅನ್ನುವ ಸ್ಟೇನ್‌ಲೆಸ್ ಸ್ಟೀಲಿನಲ್ಲೂ ನಿಕಲ್ ಇದೆ, ಆದರೆ ಅದು ಲೋಹದೊಳಗೆ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ, ಹೊರಗೆ ಬರುವುದು ತೀರಾ ಕಡಿಮೆ. ಹೆಚ್ಚಿನವರಿಗೆ ತೊಂದರೆ ಆಗಲ್ಲ. ಅದಕ್ಕೂ ಆಗದವರಿಗೆ ಟೈಟಾನಿಯಂ. ಬೆಲ್ಟ್ ವಾಚ್ ಕಟ್ಟಿದರೂ ತುರಿಕೆ ಬಂದರೆ ಬಕಲ್ ನೋಡಿ. ಅಮ್ಮನಿಗೆ ಒಮ್ಮೆ ಚರ್ಮದ ಡಾಕ್ಟರಿಗೆ ತೋರಿಸಿ, ಇಲ್ಲಿ ಬರೆದಿದ್ದನ್ನೇ ಪೂರ್ತಿ ನಂಬಿಕೊಂಡು ಕೂರಬೇಡಿ.

ಆದರೆ ಅದಕ್ಕೂ ಮೊದಲು ಚೈನ್ ತೊಳೆಯಿರಿ. ಎಷ್ಟೋ ತುರಿಕೆ ಬರೀ ಕೊಳೆಯಿಂದ. ವಾಚಿನಿಂದ ಬಿಚ್ಚಿ, ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್, ಹಳೇ ಟೂತ್‌ಬ್ರಶ್. ಬರುವ ಕಪ್ಪು ನೀರು ನೋಡಿ ಊಟ ಬೇಡ ಅನಿಸುತ್ತದೆ. ಪೂರ್ತಿ ಒಣಗಿಸಿ ಕಟ್ಟಿ, ಅಡಿಯಲ್ಲಿ ಸೋಪು ಉಳಿದರೂ ತುರಿಕೆಯೇ.

ಹಾಸನದ_ರವಿಕಿರಣ
ಸಿಲಿಕಾನ್, ರಬ್ಬರ್ ಬಗ್ಗೆ ಯಾರೂ ಹೇಳಲಿಲ್ಲ?

ಮಸ್ಕತ್_ಮೈಸೂರಿಗ
ಇಲ್ಲಿ ಬೇಸಿಗೆಯಲ್ಲಿ 45 ಡಿಗ್ರಿ, ನನ್ನದು ರಬ್ಬರೇ. ಸಿಲಿಕಾನ್ ಮೆತ್ತಗಿದೆ, ಅಗ್ಗ. ಆದರೆ ಧೂಳು, ಕೂದಲು, ಬಟ್ಟೆಯ ನೂಲು ಎಲ್ಲ ಅಂಟಿಸಿಕೊಳ್ಳುತ್ತದೆ, ಪಿನ್ ಹತ್ತಿರ ಬೇಗ ಹರಿಯುತ್ತದೆ. ಎಫ್‌ಕೆಎಂ ಅನ್ನುವ ಫ್ಲೋರಿನ್ ರಬ್ಬರ್ ಗಟ್ಟಿ, ಧೂಳು ಹಿಡಿಯಲ್ಲ, ಬೆವರಿಗೆ ಜಗ್ಗಲ್ಲ. ಅದನ್ನೇ ಎಲ್ಲರಿಗೂ ಹೇಳುತ್ತಿದ್ದೆ. ಆದರೆ 2024ರ ಕೊನೆಯಲ್ಲಿ ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾಲಯದವರು 22 ವಾಚ್ ಬ್ಯಾಂಡ್ ಪರೀಕ್ಷೆ ಮಾಡಿ, ಇಂಥ ಫ್ಲೋರಿನ್ ರಬ್ಬರಿನ ಕೆಲವದರಲ್ಲಿ ಪಿಎಫ್‌ಎಚ್‌ಎಕ್ಸ್‌ಎ ಅನ್ನುವ ರಾಸಾಯನಿಕ ಜಾಸ್ತಿ ಪ್ರಮಾಣದಲ್ಲಿ ಇದೆ ಅಂದರು. ಹೆದರಿ ಬಿಸಾಡಬೇಕಿಲ್ಲ. ರಾತ್ರಿ ಮಲಗುವಾಗಲೂ ಕಟ್ಟಿಕೊಳ್ಳುವವರಾದರೆ ಯೋಚನೆ ಮಾಡಿ.

ಕ್ಯಾಸಿಯೋ ಜಿ-ಶಾಕ್ ಥರದ ವಾಚಿನ ರೆಸಿನ್ ಬೆಲ್ಟ್ ಬೇರೆ. ಅದು ಪಾಲಿಯುರೆಥೇನ್. ಗಾಳಿಯ ತೇವಕ್ಕೇ ನಿಧಾನವಾಗಿ ಮುರಿಯುತ್ತದೆ, ಕಟ್ಟದೆ ಬೀರುವಿನಲ್ಲಿ ಇಟ್ಟಿದ್ದರೂ ಸರಿ. ಬಿರುಕು ಬಿಟ್ಟದ್ದಕ್ಕೆ ಅಂಟು ಹಚ್ಚಿ ಪ್ರಯೋಜನ ಇಲ್ಲ, ಹೊಸದು ಹಾಕಿ. ಆ ಮಾಡೆಲ್‌ಗೆ ಅಂತಲೇ ಬರುವ ಬೆಲ್ಟ್ ಬೇಕು, 18, 20 ಅಂತ ಅಂದಾಜಿನಲ್ಲಿ ತಂದರೆ ಕೂರಲ್ಲ.

ಸಾಗರದ_ಹುಡುಗ
ಪರ್ಲಾನ್ ಬುಕ್ ಮಾಡಿದೆ, ಬೂದಿ ಬಣ್ಣ, 18. ಪಿನ್ ನಮ್ಮ ಪೇಟೆಯ ವಾಚ್ ರಿಪೇರಿಯವರ ಹತ್ತಿರವೇ ಸಿಕ್ಕಿತು. ದಪ್ಪ ತುದಿಯದ್ದನ್ನು ಅವರೇ ಹುಡುಕಿ ಕೊಟ್ಟರು. ಹಳೇ ಚರ್ಮದ ಬೆಲ್ಟಿನ ಸಣ್ಣ ಬಳೆ, ತುದಿ ಸಿಕ್ಕಿಸುತ್ತೇವಲ್ಲ ಅದು, ಕಿತ್ತುಹೋಗಿದೆ. ಬೆಲ್ಟ್ ಚೆನ್ನಾಗಿದೆ, ಬಿಸಾಡಲು ಮನಸಿಲ್ಲ.

ಚರ್ಮಪ್ರಿಯ
ಬಿಸಾಡಬೇಡಿ. ಚಪ್ಪಲಿ ಹೊಲಿಯುವವರ ಹತ್ತಿರ ಹೋಗಿ. ತೆಳು ಚರ್ಮದ ಪಟ್ಟಿ ಸುತ್ತಿ, ರಬ್ಬರ್ ಗಮ್ ಹಚ್ಚಿ ಎರಡು ಹೊಲಿಗೆ ಹಾಕಿ ಕೊಡುತ್ತಾರೆ. ಗಮ್ಮನ್ನು ಎರಡೂ ಬದಿಗೆ ಹಚ್ಚಿ, ಸ್ವಲ್ಪ ಒಣಗಲು ಬಿಟ್ಟು ಆಮೇಲೆ ಒತ್ತಬೇಕು. ಫೆವಿಕ್ವಿಕ್ ಬೇಡ, ಗಟ್ಟಿಯಾಗಿ ಸಿಡಿಯುತ್ತದೆ. ಹೊಸ ತೂತು ಬೇಕಿದ್ದರೂ ಅವರ ಪಂಚಿನಲ್ಲೇ ಹೊಡೆಸಿ. ಮೊಳೆ ಕಾಯಿಸಿ ಚುಚ್ಚಿದರೆ ಸುತ್ತ ಚರ್ಮ ಸುಟ್ಟು ಅಲ್ಲಿಂದಲೇ ಹರಿಯುತ್ತದೆ.

ಹಾಸನದ_ರವಿಕಿರಣ
ನನ್ನ ಹಳೇ ಚೈನ್ ಜೋತು ಬಿದ್ದಿದೆ. ಅಡ್ಡ ಹಿಡಿದರೆ ಕೆಳಕ್ಕೆ ಬಾಗುತ್ತದೆ. ಬಿಗಿ ಮಾಡಿಸಬಹುದಾ?

ಜಾಲಹಳ್ಳಿ_ನಿವೃತ್ತ
ತಗಡು ಮಡಿಸಿ ಮಾಡಿದ ಕೊಂಡಿಗಳಾದರೆ ಇಕ್ಕಳದಲ್ಲಿ ಚರ್ಮದ ತುಂಡು ಇಟ್ಟು ಒತ್ತಿದರೆ ಸ್ವಲ್ಪ ಬಿಗಿಯಾಗುತ್ತದೆ. ಗಟ್ಟಿ ಕೊಂಡಿಗಳದ್ದು ಹಾಗಲ್ಲ. ವರ್ಷಾನುಗಟ್ಟಲೆ ಕೊಳೆ ಮತ್ತು ಬೆವರು ಸೇರಿ ಮರಳು ಕಾಗದದ ಕೆಲಸ ಮಾಡಿ ಪಿನ್ನೂ ಸವೆದಿರುತ್ತದೆ, ತೂತೂ ಸವೆದಿರುತ್ತದೆ. ಹೊಸ ಪಿನ್ ಹಾಕಿದರೆ ಅರ್ಧ ಪರಿಹಾರ. ತೂತಿಗೆ ಒಳಗೊಳವೆ ಕೂರಿಸುವ ಕೆಲಸಗಾರರು ಇದ್ದಾರೆ, ಆದರೆ ಅದು ದುಬಾರಿ ವಾಚಿಗೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಮಾಮೂಲಿ ಚೈನಾದರೆ ಹೊಸದು ತಗೊಳ್ಳಿ.

ಲಾಕ್ ಮಾತ್ರ ಸಡಿಲ ಆಗಿದ್ದರೆ ಚೈನ್ ಬದಲಿಸಬೇಡಿ. ಒಳಗಿನ ನಾಲಿಗೆಯನ್ನು ಕೂದಲೆಳೆಯಷ್ಟು ಬಗ್ಗಿಸಿದರೆ ಮತ್ತೆ ಟಕ್ ಅಂತ ಕೂರುತ್ತದೆ. ಜಾಸ್ತಿ ಬಗ್ಗಿಸಿದರೆ ಮುರಿಯುತ್ತದೆ, ನಿಧಾನ.

ಹಾಸನದ_ರವಿಕಿರಣ
ಸರಿ ಸಾರ್, ಪಿನ್ ಬದಲಿಸಿ ನೋಡುತ್ತೇನೆ. ಇನ್ನೊಂದು ವಾಚ್ 19 ಮಿ.ಮೀ. ಅಂಗಡಿಯವರು 18 ಹಾಕಿ ಅನ್ನುತ್ತಾರೆ, ಇನ್ನೊಬ್ಬರು 20 ಅನ್ನುತ್ತಾರೆ.

ಕೀಲಿ_ಗಡಿಯಾರ
18 ಹಾಕಿದರೆ ಬೆಲ್ಟ್ ಆಚೀಚೆ ಸರಿಯುತ್ತಾ ಪಿನ್ನನ್ನು ತಿನ್ನುತ್ತದೆ, ಸಂದಿಯಲ್ಲಿ ಪಿನ್ ಕಾಣುತ್ತದೆ ಬೇರೆ. ಮೊದಲು 19ರದ್ದೇ ಹುಡುಕಿ, ಚರ್ಮದಲ್ಲಿ, ತಂತಿ ಹೆಣೆದ ಮೆಶ್ ಚೈನಿನಲ್ಲಿ ಸಿಗುತ್ತದೆ. ಸಿಗದಿದ್ದರೆ ಮೆತ್ತನೆಯ ಚರ್ಮದ್ದು ಅಥವಾ ನೇಟೋ 20ರದ್ದು ಒತ್ತಿ ಕೂರಿಸಬಹುದು. ದಪ್ಪ ರಬ್ಬರ್ ಬೇಡ, ಮಡಿಚಿಕೊಂಡು ಕೂರುತ್ತದೆ. ಸ್ಟೀಲ್ ಚೈನ್ 20ರದ್ದನ್ನು ಅರ ಹಾಕಿ ಉಜ್ಜಿ ತುರುಕಿಸಿಕೊಳ್ಳಬೇಡಿ, ಕೊಂಬಿನ ಒಳಮೈ ಗೀಚಿಹೋಗುತ್ತದೆ. ಬೆಲ್ಟ್ 20ರದ್ದಾದರೂ ಪಿನ್ 19ರದ್ದೇ ಇರಲಿ. 20ರ ಬೆಲ್ಟಿನ ಜೊತೆ ಬರುವ ಪಿನ್ ತೆಗೆದು ಪಕ್ಕಕ್ಕಿಡಿ.